ಮಂಚದ ಕೆಳಗಿನ ಚೆಂಡು



ಹೋದ ತಿಂಗಳು ನಮ್ಮ ಮನೆಯ ಬ್ಯಾಸ್ಕೆಟ್‌ಬಾಲ್ ಮಂಚದ ಕೆಳಗೆ ಸೇರಿತು. ಒಂಬತ್ತನೇ ತರಗತಿಯ ನನ್ನ ಮೊಮ್ಮಗ ತಾಲ್ಲೂಕು ತಂಡಕ್ಕೆ ಆಯ್ಕೆಯಾಗಿರಲಿಲ್ಲ. "ಇನ್ನು ಆಡಲ್ಲ ತಾತ" ಎಂದ. ಇದರಲ್ಲಿ ನನ್ನ ಪಾಲೂ ಇದೆ. ಹುಡುಗ ಎತ್ತರ ಬೆಳೆದಿದ್ದಾನೆಂದು, "ಇವನು ಅಮೆರಿಕದ ಎನ್‌ಬಿಎಗೇ ಹೋಗುವವನು" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡಿದ್ದವನು ನಾನೇ.

ಆ ರಾತ್ರಿ ಊಟವಾದ ಮೇಲೆ ಅವನಿಗೆ ಮೂವರು ಅಮೆರಿಕದ ಹುಡುಗರ ಕಥೆ ಹೇಳಿದೆ. ಮೂವರೂ ಕಾಲೇಜಿನ ಮೆಟ್ಟಿಲು ಹತ್ತದೆ, ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎ ಸೇರಿದವರು. ಅಲ್ಲಿ ವರ್ಷಕ್ಕೊಮ್ಮೆ ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

1996ರಲ್ಲಿ ಕೋಬಿ ಬ್ರಯಂಟ್‌ನ ಹೆಸರು ಕೂಗಿದ್ದು 13ನೆಯದಾಗಿ. ಅವನಿಗಿಂತ ಮೊದಲು 12 ಜನರನ್ನು ತಂಡಗಳು ಆರಿಸಿಕೊಂಡಿದ್ದವು. ಆ ಹುಡುಗ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ 20 ವರ್ಷ ಆಡಿ, ಐದು ಸಲ ಪ್ರಶಸ್ತಿ ಗೆಲ್ಲಿಸಿಕೊಟ್ಟ.

2001ರಲ್ಲಿ ಕ್ವಾಮೆ ಬ್ರೌನ್ ಮೊದಲನೆಯವನಾಗಿ ಆಯ್ಕೆಯಾದ. ಹೈಸ್ಕೂಲಿನ ಹುಡುಗನಿಗೆ ಮೊದಲ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಅವನನ್ನು ಆರಿಸಿದ ತಂಡದ ಚುಕ್ಕಾಣಿ ಹಿಡಿದಿದ್ದವರು ಸ್ವತಃ ಮೈಕೇಲ್ ಜೋರ್ಡಾನ್! ಆದರೂ ಕ್ವಾಮೆ ಗಳಿಸಿದ್ದು ಪಂದ್ಯಕ್ಕೆ ಸರಾಸರಿ ಏಳು ಅಂಕಕ್ಕಿಂತ ಕಡಿಮೆ. ಜನ ಅವನನ್ನು ಆಡಿಕೊಂಡರು. ಅವನು ಆ ಲೀಗಿನಲ್ಲಿ 12 ಋತು ಆಡಿದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರನೆಯವನು ಲೆಬ್ರಾನ್ ಜೇಮ್ಸ್. ಇನ್ನೂ ಶಾಲೆಯಲ್ಲಿದ್ದಾಗಲೇ, 2002ರಲ್ಲಿ, ದೊಡ್ಡ ಕ್ರೀಡಾ ಪತ್ರಿಕೆಯೊಂದರ ಮುಖಪುಟದಲ್ಲಿ ಅವನ ಚಿತ್ರ ಬಂತು. ಮರುವರ್ಷ ಮೊದಲ ಸ್ಥಾನ. ಮೊದಲ ಪಂದ್ಯದಲ್ಲೇ 25 ಅಂಕ. 2023ರಲ್ಲಿ ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವನೆನಿಸಿದ.

"ಅಷ್ಟು ದೊಡ್ಡವರಿಗೂ ಯಾಕೆ ತಪ್ಪಿತು ತಾತ?" ಎಂದ ಮೊಮ್ಮಗ.

ನಾನು ಬ್ಯಾಂಕಿನಲ್ಲಿದ್ದಾಗ ತಿಂಗಳು ತಿಂಗಳು ಹಣ ಕಟ್ಟುವ ಆರ್‌ಡಿ ಖಾತೆ ತೆರೆಯಲು ಬಂದವರಿಗೆ, ಐದು ವರ್ಷಕ್ಕೆ ಎಷ್ಟು ಬರುತ್ತದೆಂದು ಪೈಸೆ ಸಮೇತ ಹೇಳುತ್ತಿದ್ದೆ. ಅದೇನು ಜಾಣತನವಲ್ಲ, ಬಡ್ಡಿ ದರದ ಪಟ್ಟಿ ಮೇಜಿನ ಮೇಲೇ ಇರುತ್ತಿತ್ತು. ಹುಡುಗರಿಗೆ ಅಂಥ ಪಟ್ಟಿ ಇಲ್ಲ. ಎತ್ತರ, ತೋಳಿನ ಉದ್ದ, ನೆಗೆತ ಇವನ್ನೆಲ್ಲ ಅಳೆಯಬಹುದು. ಆದರೆ ಶಾಲೆಯಲ್ಲಿ ಗಳಿಸಿದ ಅಂಕ ಮೋಸ ಮಾಡುತ್ತದೆ. ಸುಮಾರು ಏಳಡಿಯ ಹುಡುಗ ಗಿಡ್ಡ ಹುಡುಗರ ನಡುವೆ ಸುಲಭವಾಗಿ ಚೆಂಡು ಹಾಕುತ್ತಾನೆ. ಎನ್‌ಬಿಎಯಲ್ಲಿ ಎದುರಿಗೆ ನಿಂತವರೂ ಅವನಷ್ಟೇ ಎತ್ತರ, ಅವನಿಗಿಂತ ಗಟ್ಟಿ.

ಆದ್ದರಿಂದ ಬಲ್ಲವರು ಬೇರೆಯದನ್ನೂ ನೋಡುತ್ತಾರೆ. ಜೊತೆಯವನಿಗೆ ಸಮಯಕ್ಕೆ ಸರಿಯಾಗಿ ಪಾಸ್ ಕೊಡುತ್ತಾನೆಯೇ? ಎದುರಾಳಿಯನ್ನು ತಡೆಯುವಾಗ ಕಾಲು ಚುರುಕೇ? ಗುರಿ ತಪ್ಪಿದ ಮೇಲೆ ಏನು ಮಾಡುತ್ತಾನೆ? ಹೋದ ವರ್ಷಕ್ಕಿಂತ ಈ ವರ್ಷ ಏನು ಕಲಿತಿದ್ದಾನೆ? ಇಷ್ಟು ನೋಡಿದರೂ ತಪ್ಪುವುದುಂಟು. 2006ರ ಡ್ರಾಫ್ಟ್‌ನಿಂದ ಅಮೆರಿಕದ ಹುಡುಗರಿಗೆ 19 ವರ್ಷ ತುಂಬಬೇಕು, ಶಾಲೆ ಮುಗಿದು ಒಂದು ವರ್ಷವಾದರೂ ಆಗಬೇಕು ಎಂಬ ನಿಯಮ ಬಂತು.

"ಹಾಗಾದರೆ ನಾನು ಯಾರ ಹಾಗೆ ಆಗ್ತೀನಿ?"

"ನನಗೆ ಗೊತ್ತಿಲ್ಲ ಮಗಾ. ಗೊತ್ತಿರುವವನ ಹಾಗೆ ಊರಿಗೆಲ್ಲ ಹೇಳಿದ್ದು ನನ್ನ ತಪ್ಪು" ಎಂದೆ.

ಅವನು ಏನೂ ಹೇಳಲಿಲ್ಲ. ಮರುದಿನ ಸಂಜೆ ಚೆಂಡು ಮಂಚದ ಕೆಳಗಿನಿಂದ ಹೊರಬಂತು. ನಾನೂ ಒಂದು ನೋಟ್‌ಬುಕ್ ಹಿಡಿದು ಅಂಗಳದ ಕಟ್ಟೆಯ ಮೇಲೆ ಕುಳಿತೆ. ಫ್ರೀ ಥ್ರೋ ಗೆರೆಯಿಂದ ದಿನಕ್ಕೆ 20 ಎಸೆತ. ಮೊದಲ ದಿನ ಬುಟ್ಟಿಗೆ ಬಿದ್ದದ್ದು 7. ನಿನ್ನೆ 11. ಮೊನ್ನೆ 12 ಇತ್ತು, ಅದನ್ನೂ ಬರೆದಿದ್ದೇನೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಆಟ ನೋಡಲು ತಪ್ಪದೆ ಹೋಗಿ. ಭವಿಷ್ಯ ಹೇಳುವ ಕೆಲಸ ಮಾತ್ರ ನಮಗೆ ಬೇಡ.