ಹಳೆಯ ಕಾರಿನ ಕೊರಳು

ಬೈಲಹೊಂಗಲ ಸೀಮೆಯ ಹಿರಿಯ ಒಕ್ಕಲು ಮನೆತನಗಳ ಹಿತ್ತಿಲಿನಲ್ಲಿ ಕೂರಿಗೆ, ಕುಂಟೆ, ಬಂಡಿಯ ಗಾಲಿಗಳ ಪಕ್ಕದಲ್ಲಿಯೇ ಒಂದು ಅಂಬಾಸಿಡರ್ ಕಾರು ನಿಂತಿರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯವರು 1950ರ ದಶಕದ ಕೊನೆಯಲ್ಲಿ ಆರಂಭಿಸಿದ ಈ ಕಾರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಕಾರ್ಖಾನೆ ನಿಂತಿತೇ ಹೊರತು ಮನೆಗಳಲ್ಲಿದ್ದ ಕಾರುಗಳು ನಿಲ್ಲಲಿಲ್ಲ. ಅಂತಹುದೊಂದು ಕಾರಿನ ಸಲುವಾಗಿ ಒಂದು ಮನೆಯಲ್ಲಿ ಅಜ್ಜ ಮೊಮ್ಮಗನ ನಡುವೆ ಮಾತು ನಿಂತಿದ್ದ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ.

ಅದು 2016ರ ಬೇಸಿಗೆ. ಕಿತ್ತೂರಿನಲ್ಲಿ ಕಾರ್ಯಕ್ರಮವೊಂದನ್ನು ಮುಗಿಸಿಕೊಂಡು ಬೈಲಹೊಂಗಲಕ್ಕೆ ಬಂದವನು ಹಳೆಯ ಪರಿಚಯದ ಮನೆಯೊಂದರಲ್ಲಿ ಉಳಿದುಕೊಂಡೆ. ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿ ಕಾರು ನಡೆಸುವುದನ್ನು ಬಿಟ್ಟು ವರುಷಗಳಾಗಿದ್ದವು. ಆದರೂ ದಿನಾಲು ಸಂಜೆ ಗ್ಯಾರೇಜಿಗೆ ಹೋಗಿ 1978ರ ಆ ಮಾರ್ಕ್ 3 ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಧಾರವಾಡ ಆಕಾಶವಾಣಿಯನ್ನು ಕೇಳುವುದು ಅವರ ರೂಢಿ. ಧಾರವಾಡ ನಿಲಯ 1950ರಲ್ಲಿ ಆರಂಭವಾದದ್ದು. ಮಲ್ಲಿಕಾರ್ಜುನ ಮನಸೂರರಂತಹ ಗವಾಯಿಗಳ ಧ್ವನಿ ನಮ್ಮ ಭಾಗದ ಹಳ್ಳಿಗಳಿಗೆ ತಲುಪಿದ್ದು ಬಹುಮಟ್ಟಿಗೆ ಅದರ ಮೂಲಕವೇ. ಸವದತ್ತಿಯ ಗುಡ್ಡಕ್ಕೆ, ರಾಮದುರ್ಗದ ಬೀಗರ ಮನೆಗೆ ಪತ್ನಿಯೊಡನೆ ಹೋಗುವಾಗಲೆಲ್ಲ ಆ ರೇಡಿಯೊ ಹಾಡುತ್ತಲೇ ಇತ್ತಂತೆ. ಹೊತ್ತು ಮುಳುಗಿದ ಮೇಲೆ ಮಧ್ಯಮ ತರಂಗದಲ್ಲಿ ದೂರದ ನಿಲಯಗಳೂ ಬಂದು ಬೆರೆಯುವವು. ಆಗ ಆ ತಾಯಿ ಗುಂಡಿ ತಿರುವಿ ತಿರುವಿ ಧಾರವಾಡವನ್ನು ಹಿಡಿದು ಕೊಡುತ್ತಿದ್ದರೆಂದು ಹೇಳುವಾಗ ಹಿರಿಯರ ಮಾತು ಅಲ್ಲಿಗೇ ನಿಂತಿತು. ಆಕೆ ತೀರಿಕೊಂಡು ಮೂರು ವರುಷಗಳಾಗಿದ್ದವು.

ಹೋಳಿಹುಣ್ಣಿಮೆಯ ನಂತರ ರೇಡಿಯೊ ಗರಗರ ಎನ್ನುತ್ತ ಒಂದು ದಿನ ಪೂರ್ತಿ ಮೂಕವಾಯಿತು. ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಬಾಗಿಲುಗಳ ತಗಡನ್ನು ದುಂಡಗೆ ಕೊಯ್ದು ದೊಡ್ಡ ಸ್ಪೀಕರುಗಳನ್ನು ಕೂಡ್ರಿಸಿ, ಹಳೆಯ ರೇಡಿಯೊ ತೆಗೆದು ಹೊಸ ಸೆಟ್ಟು ಹಾಕುವ ಸಿದ್ಧತೆ ನಡೆಸಿದ್ದ. ಅಜ್ಜನಿಗೆ ಸಂತೋಷವಾಗಲೆಂಬುದೇ ಅವನ ಉದ್ದೇಶ. ಅಜ್ಜನದು ಒಂದೇ ಮಾತು: "ತಗಡಿಗೆ ಗರಗಸ ಹಚ್ಚೂದಾದ್ರ ಮೊದಲ ಗಾಡಿ ಮಾರಿಬಿಡ್ರಿ." ಹುಡುಗ ನನ್ನ ಬಳಿ ಬಂದು, "ಗುರುಗಳ, ನೀವರ ಒಂದ್ ಮಾತು ಹೇಳ್ರಿ" ಎಂದ.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಪುರಾಣ ಪ್ರವಚನಗಳ ಧ್ವನಿವರ್ಧಕದ ಉಸ್ತುವಾರಿ ನನ್ನ ಪಾಲಿಗೆ ಬರುತ್ತಿತ್ತು. ಸಂಸ್ಕೃತ ವ್ಯಾಕರಣಕ್ಕಿಂತ ಬೆಸುಗೆಯ ಕಡ್ಡಿಯೇ ಕೈಗೆ ಬೇಗ ಹತ್ತಿತೆಂದು ನಮ್ಮ ಅಧ್ಯಾಪಕರು ಹಾಸ್ಯ ಮಾಡುತ್ತಿದ್ದರು. ಆ ಧೈರ್ಯದಿಂದ, "ಕೊಯ್ಯುವ ಮೊದಲು ಬಿಚ್ಚಿ ನೋಡೋಣ" ಎಂದೆ.

ಮೊದಲು ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ತಂತಿಯನ್ನು ಕಳಚಿಸಿದೆ. ಡ್ಯಾಶ್‌ಬೋರ್ಡಿನ ಹಿಂದೆ ಕೈಯಾಡಿಸುವಾಗ ವಿದ್ಯುತ್ ಹರಿಯುವ ತಂತಿಯೊಂದು ತಗಡಿಗೆ ತಾಗಿದರೆ ಕಿಡಿ ಹಾರಿ ಇಡೀ ತಂತಿಗಳ ಕಟ್ಟೇ ಸುಟ್ಟೀತು. ಮಾಲೀಕರು ಆಮೇಲೆ ಧಾರವಾಡದಲ್ಲಿ ಹಾಕಿಸಿಕೊಂಡ ರೇಡಿಯೊ ಅದು. ಸ್ಪೀಕರು ಡ್ಯಾಶ್‌ಬೋರ್ಡಿನ ನಡುವೆ ಜಾಲರಿಯ ಹಿಂದಿತ್ತು. ತುಕ್ಕು ಹಿಡಿದ ಸ್ಕ್ರೂಗಳಿಗೆ ಸೀಮೆಎಣ್ಣೆಯ ಹನಿ ಬಿಟ್ಟು ಅರ್ಧ ತಾಸು ಕಾದೆವು. ಸ್ಪೀಕರು ಕೈಗೆ ಬಂದಾಗ ಅದರ ಕಾಗದದ ಕೋನಿನಲ್ಲಿ ನಮ್ಮ ಎರೆಭೂಮಿಯ ಧೂಳು ಬೆರಳು ದಪ್ಪ ಕೂತಿತ್ತು. ಮುಂದಿನ ಗಾಜಿನಿಂದ ಇಳಿಯುವ ಬಿಸಿಲಿಗೆ ಕಾಗದ ಹಪ್ಪಳದಂತಾಗಿ ಅಂಚು ಬಿರಿದಿತ್ತು.

ಇಷ್ಟಾದರೂ ಸ್ಪೀಕರನ್ನೇ ಅಪರಾಧಿಯೆಂದು ತೀರ್ಮಾನಿಸಲಾಗದು. ಗಡಿಯಾರದಲ್ಲಿ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಅದರ ಎರಡು ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿದರೆ, ಸುರುಳಿ ಸರಿಯಿದ್ದಲ್ಲಿ ಟಕ್ಕೆಂದು ಸದ್ದು ಬರಬೇಕು, ಬರಲಿಲ್ಲ. ಮೀಟರಿನ ಮುಳ್ಳೂ ಅಲುಗಲಿಲ್ಲ. ಸುರುಳಿ ಕಡಿದುಹೋಗಿತ್ತು. ಹುಡುಗನ ಹಾಸ್ಟೆಲಿನ ಸ್ಪೀಕರೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಿದರೆ ರೇಡಿಯೊ ಸರಿಯಾಗಿಯೇ ಮಾತನಾಡಿತು. ಹೊಸ ಸೆಟ್ಟಿನ ಖರ್ಚು ಅಲ್ಲಿಯೇ ಉಳಿಯಿತು.

ಸ್ಪೀಕರಿನ ಬೆನ್ನ ಮೇಲೆ 4 ಓಮ್ ಎಂದು ಬರೆದಿತ್ತು. ಬದಲಿಗೆ ತರುವುದೂ ಅಷ್ಟೇ ಇರಬೇಕು. ಕಡಿಮೆ ಓಮಿನದನ್ನು ಹಾಕಿದರೆ ರೇಡಿಯೊದ ಟ್ರಾನ್ಸಿಸ್ಟರುಗಳು ಮಿತಿಮೀರಿ ಬಿಸಿಯಾಗಿ ಸಾಯುತ್ತವೆ. 4 ಓಮಿನ ಸ್ಪೀಕರನ್ನು ಮೀಟರಿನಿಂದ ಅಳೆದರೆ 4ಕ್ಕಿಂತ ತುಸು ಕಡಿಮೆಯೇ ತೋರುವುದುಂಟು; ಅದನ್ನು ದೋಷವೆಂದು ತಿಳಿಯಬಾರದು. ಅಗಲದ ಜೊತೆಗೆ ಆಳವನ್ನೂ, ಸ್ಕ್ರೂ ತೂತುಗಳ ನಡುವಿನ ಅಂತರವನ್ನೂ ಹುಡುಗನಿಂದ ಅಳೆಯಿಸಿ ಚೀಟಿಯಲ್ಲಿ ಬರೆಯಿಸಿದೆ. ಹೊಸ ಸ್ಪೀಕರುಗಳ ಅಯಸ್ಕಾಂತ ದಪ್ಪವಾಗಿದ್ದು ಹಿಂದಿನ ತಂತಿಗಳಿಗೋ ಕೊಳವೆಗೋ ಒತ್ತಿಕೊಂಡರೆ, ಅಂಗಡಿಗೆ ಎರಡನೆಯ ಸಲ ಹೋಗುವ ಪ್ರಸಂಗ ಬರುತ್ತದೆ. ಮರುದಿನ ಬೆಳಗಾವಿಗೆ ಹೋದವನು ಸರಿಯಾದುದನ್ನೇ ತಂದ.

ಇಷ್ಟು ಬೋಧಿಸಿದವನೇ ಮುಂದೆ ಎಡವಿದೆ. ಹೊಸ ಸ್ಪೀಕರನ್ನು ಕೂಡ್ರಿಸಿ ಸ್ಕ್ರೂ ಬಿಗಿಯುತ್ತಿದ್ದಾಗ ಅಯಸ್ಕಾಂತವು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಫಕ್ಕನೆ ಎಳೆದುಕೊಂಡು, ಅದರ ಮೊನೆ ಕೋನಿನಲ್ಲಿ ನೇರ ಇಳಿಯಿತು. ಕೋನಿನ ಮೇಲೊಂದು ರಟ್ಟನ್ನು ಅಡ್ಡ ಹಿಡಿಯಬೇಕೆಂಬುದು ನನಗೆ ಗೊತ್ತಿದ್ದ ಸಂಗತಿಯೇ, ಮಾಡಲಿಲ್ಲ. ಹುಡುಗ ನಗು ತಡೆದುಕೊಂಡ, ಅಜ್ಜ ತಡೆದುಕೊಳ್ಳಲಿಲ್ಲ. "ಗುರುಗಳಿಗೂ ತೂತು ಹೊಡಿಯೂ ಚಟ ಐತಿ ನೋಡು" ಎಂದು ಮೊಮ್ಮಗನ ಕಡೆ ತಿರುಗಿ ಹೇಳಿದರು. ಎಷ್ಟೋ ದಿನಗಳ ಮೇಲೆ ಅವನೊಡನೆ ಅವರು ಆಡಿದ ಮೊದಲ ಮಾತದು. ತೆಳು ಕಾಗದದ ತುಣುಕನ್ನು ಬಿಳಿ ಅಂಟಿನಿಂದ ಕೋನಿನ ಎರಡೂ ಬದಿಗೆ ಹಚ್ಚಿ ರಾತ್ರಿಯಿಡೀ ಒಣಗಲು ಬಿಟ್ಟೆವು. ಸಣ್ಣ ತೂತಿಗೆ ಈ ತೇಪೆ ಸಾಕು.

ಒಣಗುವ ಹೊತ್ತಿನಲ್ಲಿ ತಂತಿಗಳನ್ನು ನೋಡಿದೆವು. ಮೇಲಿನ ಹೊದಿಕೆ ಬಿರುಕುಬಿಟ್ಟು ಎರಡು ಕಡೆ ತಾಮ್ರ ಬರಿದಾಗಿತ್ತು. ಮೊದಲಿನ ಗರಗರಕ್ಕೆ ಇದೂ ಕಾರಣವಿದ್ದೀತು. ಹೊಸ ಸ್ಪೀಕರು ಹಾಕಿ ಹಳೆಯ ತಂತಿಯನ್ನೇ ಉಳಿಸುವುದು ಅರ್ಧ ಕೆಲಸ. ಎರಡನ್ನೂ ಬದಲಿಸಿ, ತುದಿಗಳನ್ನು ಬೆಸೆದು, ಟೇಪು ಸುತ್ತಿದ. ಈ ರೇಡಿಯೊದಲ್ಲಿ ಸ್ಪೀಕರಿನ ಒಂದು ತುದಿ ಕಾರಿನ ಮೈಗೇ ಜೋಡಣೆಯಾಗಿತ್ತು. ಹಳೆಯ ಸೆಟ್ಟುಗಳಿಗೆ ಅದು ನಡೆಯುತ್ತದೆ. ಈಗಿನ ಬಹುತೇಕ ಸೆಟ್ಟುಗಳಲ್ಲಿ ಸ್ಪೀಕರಿನ ಯಾವ ತುದಿಯೂ ಮೈಗೆ ತಾಗಕೂಡದು, ತಾಗಿದರೆ ಸೆಟ್ಟೇ ಕೆಡುತ್ತದೆ. ಹುಡುಗ ತಾನೆಣಿಸಿದಂತೆ ಹೊಸ ಸೆಟ್ಟನ್ನು ಹಳೆಯ ತಂತಿಗೇ ಜೋಡಿಸಿದ್ದರೆ ಮೊದಲ ದಿನವೇ ದುಡ್ಡು ನೀರಾಗುತ್ತಿತ್ತು. ಅದನ್ನು ಕೇಳಿ ಅವನು ಸುಮ್ಮನಾದ, ಅಜ್ಜನೂ ಹಂಗಿಸಲಿಲ್ಲ.

ಮರುದಿನ ಸಂಜೆ ಬ್ಯಾಟರಿಯ ತಂತಿ ಜೋಡಿಸಿದ್ದಾಯಿತು. ಹಿರಿಯರು ತಮ್ಮ ಸೀಟಿನಲ್ಲಿ ಕುಳಿತರು. ಗುಂಡಿ ತಿರುವಲು ನಾನು ಕೈ ಚಾಚಿದೆ. ಅವರು ಬೇಡವೆಂದು ಮೊಮ್ಮಗನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು, "ನೀ ಹಿಡಿ" ಎಂದರು. ಅವನಿಗೆ ಆ ಗುಂಡಿಯ ರೂಢಿಯಿರಲಿಲ್ಲ. ಎರಡು ಸಲ ದಾಟಿ ಹೋದ. ಮೂರನೆಯ ಸಲ ಧಾರವಾಡ ಸಿಕ್ಕಿತು, ಯಾರೋ ಹತ್ತಿಯ ಧಾರಣೆ ಓದುತ್ತಿದ್ದರು.

ಹಿರಿಯರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. "ಭಾಳ ಸ್ವಚ್ಛ ಕೇಳ್ತೈತಿ. ಮೊದಲಿನಂಗ ಗರಗರ ಇಲ್ಲ" ಎಂದರು. ಅದು ಮೆಚ್ಚುಗೆಯೋ ದೂರೋ ತಿಳಿಯಲಿಲ್ಲ. ಹಳೆಯ ಸ್ಪೀಕರನ್ನು ಮಾತ್ರ ಗುಜರಿಗೆ ಹಾಕಗೊಡಲಿಲ್ಲ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಹಿಂದಿನ ಡಿಕ್ಕಿಯಲ್ಲಿ ಇರಿಸುವಂತೆ ಹೇಳಿದರು.