ನಾನು ಒರೆಸಿ ಹಾಕಿದ ಬೂಷ್ಟು

ಕಳೆದ ವಾರ ಏಡಿ ಹಿಡಿಯಲು ಹೋಗಿ ಹಳ್ಳಕ್ಕೆ ಬಿದ್ದ ಕಥೆ ಬರೆದಿದ್ದೆನಲ್ಲ, ಅದನ್ನು ಓದಿ ಮೊಮ್ಮಗ ಬೆಂಗಳೂರಿನಿಂದ ಫೋನ್ ಮಾಡಿದ. "ಏನಜ್ಜ, ಏಡಿ ಕಥೆ ಬರೀತೀರಿ, ಜೇನಿನ ಕಥೆ ಬರೀತೀರಿ. ಕಂಪ್ಯೂಟರ್ ಕಥೆ ಯಾವಾಗ?" ಎಂದ. ಆ ಕಥೆಯನ್ನು ನಾನು ಯಾಕೆ ಬರೆದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಹಳ್ಳಕ್ಕೆ ಬಿದ್ದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೆ. ಇದು ಬೇರೆ. ಆದರೂ ಕೇಳಿದ್ದಾನಲ್ಲ, ಬರೆಯುತ್ತೇನೆ.

ನಮ್ಮ ಬಾಳೂರಿನ ಮನೆಗೆ ಕಂಪ್ಯೂಟರ್ ಬಂದದ್ದು 2008ರ ಮೇ ತಿಂಗಳಲ್ಲಿ. ಅಂಗಡಿಯಿಂದ ಸಿದ್ಧವಾದದ್ದನ್ನು ತರಬಹುದಿತ್ತು. ಆದರೆ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಸ್ಪ್ರೇಯರು ಎಲ್ಲವನ್ನೂ ಬಿಚ್ಚಿ ಜೋಡಿಸುವ ನನಗೆ ಇದೇನು ಮಹಾ ಎಂಬ ಜಂಬ. ಬೆಂಗಳೂರಿನಲ್ಲಿದ್ದ ತಂಗಿಯ ಮಗ ಬರೆದುಕೊಟ್ಟ ಪಟ್ಟಿ ಹಿಡಿದು ಎಸ್.ಪಿ. ರೋಡಿನಲ್ಲಿ ಅಲೆದು ಒಂದೊಂದೇ ಭಾಗ ಕೊಂಡೆ. ಕಂಬಳಿಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೂಡಿಗೆರೆಗೆ ತಂದೆ.

ಊಟದ ಮೇಜಿನ ಮೇಲೆ ಎರಡು ದಿನ ಜೋಡಿಸಿದ್ದಾಯಿತು. ಉದ್ಘಾಟನೆಗೆ ಮನೆಯವರು, ಪಕ್ಕದ ತೋಟದವರು, ಕೆಲಸದವರು ಎಲ್ಲ ಸೇರಿದ್ದರು. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಹಿಂದೆ ಹೋಗಿ ನೋಡಿದರೆ ಕರೆಂಟು ಒಳಗೆ ಹೋಗುವ ಪೆಟ್ಟಿಗೆಯ ಮೇಲೆ ಎರಡು ಸ್ವಿಚ್ಚು. ಒಂದು ಕಪ್ಪು, ಅದರ ಮೇಲೆ ಒಂದು ಗೀಟು, ಒಂದು ಸೊನ್ನೆ. ಇನ್ನೊಂದು ಪುಟ್ಟದು, ಕೆಂಪು, ಅದರಲ್ಲಿ 230 ಎಂದು ಕಾಣುತ್ತಿತ್ತು. ಪೆನ್ನಿನ ತುದಿಯಿಂದ ಕೆಂಪನ್ನು ಆಚೆ ತಳ್ಳಿದರೆ 115 ಬಂತು. ಕಡಿಮೆಯಿದ್ದರೆ ಬಿಲ್ಲೂ ಕಡಿಮೆ ಬಂದೀತು ಎಂದುಕೊಂಡು ಹಾಗೇ ಬಿಟ್ಟೆ. ಆಮೇಲೆ ಕಪ್ಪು ಸ್ವಿಚ್ಚು ಒತ್ತಿದೆ.

ಢಬ್! ಹೊಗೆ, ಕಮಟು ವಾಸನೆ. ನಾಯಿ ತೋಟಕ್ಕೆ ಓಡಿತು. "ದೀಪಾವಳಿಗೆ ಇನ್ನೂ ಐದು ತಿಂಗಳಿದೆಯಲ್ಲ ರೀ" ಎಂದಳು ನನ್ನ ಹೆಂಡತಿ.

ಅಮೆರಿಕದಂಥ ದೇಶಗಳಲ್ಲಿ ಮನೆಗೆ ಬರುವ ಕರೆಂಟು ಸುಮಾರು 120 ವೋಲ್ಟು, ನಮ್ಮಲ್ಲಿ 230. ಒಂದೇ ಪೆಟ್ಟಿಗೆ ಎರಡೂ ಕಡೆ ನಡೆಯಲಿ ಎಂದು ಆ ಕೆಂಪು ಸ್ವಿಚ್ಚು. ನಾನು ಪೆಟ್ಟಿಗೆಗೆ "ನೀನೀಗ ಅಮೆರಿಕದಲ್ಲಿದ್ದೀಯ" ಎಂದು ಹೇಳಿ ಬಾಳೂರಿನ ಕರೆಂಟು ಕುಡಿಸಿದ್ದೆ. ಪುಣ್ಯಕ್ಕೆ ಪೆಟ್ಟಿಗೆಯೊಂದೇ ಹೋಯಿತು, ಉಳಿದದ್ದು ಬದುಕಿತು. ಇಷ್ಟರವರೆಗಿನದು ಊರಿಗೆಲ್ಲ ಗೊತ್ತಿರುವ ಕಥೆ. ಈಗಲೂ ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ "ಢಬ್" ಎನ್ನುವವರಿದ್ದಾರೆ. ನಾನೂ ನಗುತ್ತೇನೆ. ಮುಂದಿನದನ್ನು ಹೇಳಲು ಅಷ್ಟು ಸುಲಭವಿಲ್ಲ.

ಮೂಡಿಗೆರೆಯಲ್ಲೇ ಬಾಳಿದ ತೇಜಸ್ವಿಯವರು ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಬರಬೇಕೆಂದು ಕೊನೆಯವರೆಗೂ ಹಟ ಹಿಡಿದಿದ್ದರು. 2007ರಲ್ಲಿ ಅವರು ತೀರಿಕೊಂಡರು. ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಕನ್ನಡ ಕಲಿಸಿದವನು ಮೊಮ್ಮಗ. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಾಕಿಕೊಂಡು, ಅವನ ಅಜ್ಜಿ ಹೇಳುವ ಸೋಬಾನೆ ಪದಗಳನ್ನು ಟೈಪ್ ಮಾಡುತ್ತಿದ್ದ. ಅವಳು ಅಕ್ಕಿ ಆರಿಸುತ್ತಾ ಹಾಡುವುದು, ಇವನು ಎರಡು ಬೆರಳಿನಲ್ಲಿ ಕುಟ್ಟುವುದು. ಅವಳಿಗೆ ಆ ಪದಗಳು ಕಳಸದ ಕಡೆಯ ತನ್ನ ತಾಯಿಯಿಂದ ಬಂದವು. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡು ವರ್ಷದಲ್ಲಿ ಇಪ್ಪತ್ತಮೂರು ಪದಗಳಾದವು.

2010ರ ಮಳೆಗಾಲ. ನಮ್ಮ ಕಡೆಯ ಮಳೆ ನೋಡದವರಿಗೆ ಹೇಳಬೇಕು. ಜುಲೈನಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಬೀರುವಿನಲ್ಲಿದ್ದ ಮದುವೆಯ ಕೋಟಿಗೂ ಬೂಷ್ಟು. ಕಂಪ್ಯೂಟರಿನ ಒಳಗೂ ಹಿಡಿದಿರಬಹುದು ಎಂದು ಒಂದು ಭಾನುವಾರ ಮೊಮ್ಮಗ ಮಲಗಿದ್ದಾಗ ಬಿಚ್ಚಿದೆ. ಧೂಳು, ಇರುವೆ, ಸತ್ತ ಒಂದು ಪತಂಗ. (ಪತಂಗಕ್ಕೂ ಕಂಪ್ಯೂಟರಿಗೂ ಹಳೆಯ ನಂಟು. 1947ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಕೋಣೆಯಷ್ಟು ದೊಡ್ಡ ಕಂಪ್ಯೂಟರೊಂದು ಕೆಟ್ಟಾಗ, ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಒಂದು ಪತಂಗ. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಈಗಲೂ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ನಾನು ನಮ್ಮದನ್ನು ಊದಿ ಎಸೆದೆ.)

ಫ್ಯಾನನ್ನೂ ಅದರ ಕೆಳಗಿನ ಅಲ್ಯೂಮಿನಿಯಂ ಗಟ್ಟಿಯನ್ನೂ ಎತ್ತಿದಾಗ ಕಂಡಿತು ನೋಡಿ: ಪ್ರೊಸೆಸರಿನ ಮೇಲೆ ಬೂದುಬಣ್ಣದ ಲೇಪ. ಬೂಷ್ಟು! ನನ್ನ ಊಹೆ ನಿಜವಾಯಿತಲ್ಲ ಎಂದು ಖುಷಿಯಾಯಿತು. ಹಳೆಯ ಪಂಚೆಯ ತುಂಡಿಗೆ ಸ್ಪಿರಿಟ್ ಹಚ್ಚಿ, ಎರಡೂ ಕಡೆ ಕನ್ನಡಿಯ ಹಾಗೆ ಹೊಳೆಯುವಂತೆ ಒರೆಸಿ, ಫ್ಯಾನು ಕೂರಿಸಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನದಿಂದ ಕಂಪ್ಯೂಟರ್ ತನ್ನಷ್ಟಕ್ಕೆ ಆರತೊಡಗಿತು. ಸುಮ್ಮನೆ ಬಿಟ್ಟರೆ ಅರ್ಧ ಗಂಟೆ, ಆಟ ಹಾಕಿದರೆ ಐದೇ ನಿಮಿಷ. ಆ ಆಟ ಮೊಮ್ಮಗ ಗೆಳೆಯನ ಪೆನ್‌ಡ್ರೈವಿನಲ್ಲಿ ತಂದದ್ದು. ನನಗೆ ಇಷ್ಟು ಸಾಕಾಯಿತು. ಆವತ್ತು ಮನೆಗೆ ನೆಂಟರು ಬಂದಿದ್ದರು. ಅವರೆದುರಿಗೇ, "ಕಂಡಕಂಡವರ ಪೆನ್‌ಡ್ರೈವ್ ತಂದು ವೈರಸ್ ಹತ್ತಿಸಿದ್ದೀಯ, ಇನ್ನು ಇದನ್ನು ಮುಟ್ಟಬೇಡ" ಎಂದು ಬೈದೆ. ಏಳನೇ ಕ್ಲಾಸಿನ ಹುಡುಗ. "ನಾನಲ್ಲ ಅಜ್ಜ" ಎಂದ, ಒಂದೇ ಸಲ. ಆಮೇಲೆ ಆ ಕೋಣೆಗೇ ಬರಲಿಲ್ಲ. ಮಳೆ ರಜೆ ಕೊಟ್ಟ ದಿನವೂ ಬಚ್ಚಲೊಲೆಯ ಮುಂದೆ ಕೂತು ಬೆಂಕಿ ಕೆದಕುತ್ತಿದ್ದ.

ವೈರಸ್ ತೆಗೆಯಲು ನಾನು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಲು ಕೂತೆ. ಎರಡು ಸಲ ನಡುವೆಯೇ ಆರಿತು. ಮೂರನೇ ಸಲ, ಬೆಳಗಿನ ಜಾವದ ಚಳಿಯಲ್ಲಿ ಹೇಗೋ ಮುಗಿಯಿತು. ಚಳಿಯಲ್ಲಿ ಮಾತ್ರ ನಡೆಯಿತು ಎಂಬುದನ್ನು ಗಮನಿಸಿದ್ದರೆ ಸಾಕಿತ್ತು. ಜಂಬಕ್ಕೆ ಕಣ್ಣು ಮಂಜು. ಬೇಕಾದದ್ದೆಲ್ಲ ಡಿ ಡ್ರೈವಿನಲ್ಲಿದೆ ಎಂದುಕೊಂಡು ಸಿ ಡ್ರೈವನ್ನು ಪೂರ್ತಿ ಅಳಿಸಿದ್ದೆ. 'ಮೈ ಡಾಕ್ಯುಮೆಂಟ್ಸ್' ಎಂಬ ಫೋಲ್ಡರ್ ಇರುವುದೇ ಸಿ ಡ್ರೈವಿನಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲ. ಇಪ್ಪತ್ತಮೂರು ಪದಗಳೂ ಅಲ್ಲೇ ಇದ್ದವು.

ವಿಷಯ ಕೇಳಿ ಹೆಂಡತಿ ಏನೂ ಅನ್ನಲಿಲ್ಲ. ಕಾವಲಿಯ ಮೇಲಿದ್ದ ರೊಟ್ಟಿ ಮಗುಚಿದಳು. ಬೈದಿದ್ದರೆ ಒಳ್ಳೆಯದಿತ್ತು.

ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ಮೊದಲಿನ ಹಾಗೇ ಆರುತ್ತಿತ್ತು. ಕೊನೆಗೆ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿ, "ಮಾವ, ಇತ್ತೀಚೆಗೆ ಒಳಗೇನಾದರೂ ಬಿಚ್ಚಿದ್ರಾ?" ಎಂದ.

"ಬೂಷ್ಟು ಒರೆಸಿದೆ."

"ಎಲ್ಲಿ?"

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮಾವ, ಅದು ಬೂಷ್ಟಲ್ಲ. ಅದನ್ನು ಬೇಕೆಂದೇ ಹಚ್ಚಿರುತ್ತಾರೆ."

ಪ್ರೊಸೆಸರು ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಹೆಚ್ಚು ಕೆಲಸವಾದರೆ ಹೆಚ್ಚು ಬಿಸಿ. ಆಟಗಳು ಅದಕ್ಕೆ ತುಂಬಾ ಕೆಲಸ ಕೊಡುತ್ತವೆ. ಆ ಬಿಸಿಯನ್ನು ಮೇಲಿನ ಅಲ್ಯೂಮಿನಿಯಂ ಗಟ್ಟಿ ಎಳೆದುಕೊಳ್ಳಬೇಕು, ಫ್ಯಾನು ಅದನ್ನು ಗಾಳಿಗೆ ಬಿಡಬೇಕು. ಎರಡು ಲೋಹಗಳು ಕಣ್ಣಿಗೆ ಎಷ್ಟು ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ, ಅಲ್ಲಿ ಗಾಳಿ ಕೂರುತ್ತದೆ. ಗಾಳಿಯ ಮೂಲಕ ಬಿಸಿ ಬೇಗ ದಾಟುವುದಿಲ್ಲ. ಅಕ್ಕಿರೊಟ್ಟಿ ಕಾವಲಿಗೆ ಪೂರ್ತಿ ಅಂಟದೆ ಒಂದು ಕಡೆ ಎದ್ದು ನಿಂತರೆ ಅಲ್ಲಿ ಹಸಿಯಾಗಿಯೇ ಉಳಿಯುತ್ತದಲ್ಲ, ಹಾಗೆ. ಆ ತಗ್ಗು ತುಂಬಲೆಂದೇ ಬೂದುಬಣ್ಣದ ಪೇಸ್ಟು. ಅದಿಲ್ಲದೆ ಪ್ರೊಸೆಸರು ಕುದಿದು, ಸುಟ್ಟುಹೋಗಬಾರದೆಂದು ತಾನೇ ಆರಿಕೊಳ್ಳುತ್ತಿತ್ತು. ವೈರಸ್ಸೂ ಇಲ್ಲ, ಪೆನ್‌ಡ್ರೈವಿನ ತಪ್ಪೂ ಇಲ್ಲ. ಮೂಡಿಗೆರೆಯಿಂದ ಚಿಕ್ಕ ಸಿರಿಂಜಿನಲ್ಲಿ ಹೊಸ ಪೇಸ್ಟು ತಂದು, ತೊಗರಿಬೇಳೆಯಷ್ಟು ಹಚ್ಚಿ, ಫ್ಯಾನಿನ ನಾಲ್ಕು ಕಾಲೂ ಟಕ್ ಎನ್ನುವವರೆಗೆ ಒತ್ತಿದೆ. ಆಮೇಲೆ ಒಂದು ದಿನವೂ ಆರಲಿಲ್ಲ.

ಬಚ್ಚಲೊಲೆಯ ಹತ್ತಿರ ಹೋಗಿ ಮೊಮ್ಮಗನ ಪಕ್ಕ ಕೂತೆ. "ತಪ್ಪು ನಂದು ಕಣೋ" ಎಂದೆ. ಅವನು ಬೆಂಕಿ ನೋಡುತ್ತಲೇ, "ಎಲ್ಲರ ಎದುರಿಗೆ ಬೈದ್ರಿ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಅದೇ ನೆಂಟರನ್ನು ಊಟಕ್ಕೆ ಕರೆದೆ. ಕಡುಬು ಬಡಿಸುವ ಮೊದಲೇ ಎದ್ದು ನಿಂತು ಬೂಷ್ಟಿನ ವಿಷಯವೆಲ್ಲ ಹೇಳಿದೆ. ಅರವತ್ತೆರಡು ವರ್ಷದವನಿಗೆ ಕಾಲು ನಡುಗಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಮ್ಮಗ ನಗಲಿಲ್ಲ, ಆದರೆ ಊಟವಾದ ಮೇಲೆ ಕಂಪ್ಯೂಟರ್ ಕೋಣೆಗೆ ಬಂದ.

ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಆ ಕ್ಷಣವೇ ಅಳಿಯುವುದಿಲ್ಲವಂತೆ. ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಉಳಿದಿರುತ್ತವೆ. ಅವುಗಳ ಮೇಲೆ ಹೊಸದನ್ನು ಬರೆದರೆ ಮಾತ್ರ ಹೋದವು. ನಾನು ಒಂದಿಷ್ಟರ ಮೇಲೆ ಬರೆದೂ ಆಗಿತ್ತು. ಹಾರ್ಡ್‌ಡಿಸ್ಕನ್ನು ರಿಪೇರಿಯವರಿಗೆ ಕೊಟ್ಟೆ. ಮೂರು ದಿನ ಬಿಟ್ಟು ಒಂದು ಸಿ.ಡಿ. ಕೊಟ್ಟರು. ತೆರೆದು ನೋಡಿದರೆ ಪದಗಳಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು. ಕೆಟ್ಟಿವೆ ಎಂದು ಸಿ.ಡಿ.ಯನ್ನು ಕಸದ ಬುಟ್ಟಿಗೆ ಹಾಕಿದೆ.

ಅದನ್ನು ಎತ್ತಿದವನು ಮೊಮ್ಮಗ. "ಅಜ್ಜ, ಫಾರ್ಮ್ಯಾಟ್ ಆದ ಮೇಲೆ ನುಡಿ ಹಾಕಿದ್ರಾ?" ಹಾಕಿರಲಿಲ್ಲ. ಆಗಿನ ಆ ಅಕ್ಷರಗಳು ನುಡಿಯ ಫಾಂಟ್ ಇದ್ದರೆ ಮಾತ್ರ ಕನ್ನಡ, ಇಲ್ಲದಿದ್ದರೆ ಗೋಜಲು. ಅವನು ನುಡಿ ಹಾಕಿ ಫಾಂಟ್ ಬದಲಿಸಿದ. ಪರದೆಯ ಮೇಲೆ ಅವನ ಅಜ್ಜಿಯ ಪದಗಳು ಸಾಲಾಗಿ ಬಂದವು. ಅವಳು ಕೈ ಒರೆಸಿಕೊಂಡು ಬಂದು ಬಾಗಿಲಲ್ಲೇ ನಿಂತಳು.

ಹತ್ತೊಂಬತ್ತು ಸಿಕ್ಕಿದವು. ಉಳಿದ ನಾಲ್ಕನ್ನು ಅವಳು ಮತ್ತೆ ಹಾಡಿದಳು, ಇವನು ಮತ್ತೆ ಕುಟ್ಟಿದ. ಮೂರು ಪೂರ್ತಿಯಾದವು. ನಾಲ್ಕನೆಯದು ಹೆಣ್ಣು ಒಪ್ಪಿಸುವಾಗ ಹೇಳುವ ಪದ. ತಾಯಿ ಮಗಳ ತಲೆ ಬಾಚುವುದು ನೆನಪಿದೆ, ದಿಬ್ಬಣ ಹೊಳೆ ದಾಟುವುದು ನೆನಪಿದೆ. ನಡುವೆ ತವರಿನ ಹಸುವನ್ನು ಮಾತನಾಡಿಸುವ ಸಾಲುಗಳಿದ್ದವು, ಅವು ಅವಳಿಗೆ ಬರಲೇ ಇಲ್ಲ. ಮೊಮ್ಮಗ ಪ್ರಿಂಟ್ ತೆಗೆಸಿದ ಪುಸ್ತಕದಲ್ಲಿ ಅಲ್ಲಿ ಮೂರು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದಾನೆ, ಈಗಲೂ ಹಾಗೇ ಇದೆ. ಕಳಸ, ಹೊರನಾಡು, ಸಂಸೆ ಕಡೆಯ ಅಜ್ಜಿಯರು ಯಾರಿಗಾದರೂ ಆ ಸಾಲುಗಳು ಬಂದರೆ ಮಕ್ಕಳ ಕೈಯಲ್ಲಿ ಬರೆಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಾಗದದ ಮೇಲೆಯೇ ಬರೆಸಿ.