ಮಂಗಳೂರು–ದುಬೈ: ಎರಡು ಗಂಟೆಯೋ, ಐದು ಗಂಟೆಯೋ?

"ಗಲ್ಫಿಗೆ ಹೋಗಬೇಕಾದ ಹುಡುಗನಿಗೆ ಕನ್ನಡ ಮಾಧ್ಯಮ ಯಾಕೆ ಮಾಷ್ಟ್ರೇ?" ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿಸುವ ನಮಗೆಲ್ಲ ಇದು ಹಳೆಯ ಪ್ರಶ್ನೆ. ಮಕ್ಕಳನ್ನು ಶಾಲೆಗೆ ಸೇರಿಸುವ ದಿನಗಳಲ್ಲಂತೂ ಕೇಳಿ ಕೇಳಿ ಕಿವಿ ದಣಿಯುತ್ತದೆ. ಭಾಷಾಭಿಮಾನದ ಭಾಷಣ ಇದಕ್ಕೆ ಉತ್ತರವಾಗದು. ಆ ಗಲ್ಫಿನ ವಿಮಾನವನ್ನೇ ತರಗತಿಗೆ ತರೋಣ ಎನ್ನುತ್ತೇವೆ ನಾವು.

ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ನೇರ ದೂರ ಸುಮಾರು 2,450 ಕಿಲೋಮೀಟರ್. ವಿಮಾನ ಇಲ್ಲಿಂದ ಬೆಳಗ್ಗೆ 10ಕ್ಕೆ ಹೊರಟು ಅಲ್ಲಿಯ ಮಧ್ಯಾಹ್ನ 12ಕ್ಕೆ ಇಳಿಯಿತು ಎನ್ನಿ. ಅಲ್ಲಿಂದ 12ಕ್ಕೆ ಹೊರಟದ್ದು ಇಲ್ಲಿ ಸಂಜೆ 5ಕ್ಕೆ ತಲುಪಿತು. ಟಿಕೆಟು ನೋಡಿ ಭಾಗಿಸಿದ ಮಗುವಿಗೆ ಹೋಗುವಾಗ ಗಂಟೆಗೆ 1,225 ಕಿ.ಮೀ. ಸಿಗುತ್ತದೆ, ಹೆಚ್ಚುಕಡಿಮೆ ಶಬ್ದದ ವೇಗ! ಬರುವಾಗ ಬರೀ 490.

ಇಲ್ಲಿ ನಾವು ಅವಸರದಿಂದ ಉತ್ತರ ಹೇಳಿಬಿಡಬಾರದು. ಸ್ವಲ್ಪ ತಡಕಾಡಲಿ. ಎರಡು ಮತ್ತು ಐದನ್ನು ಕೂಡಿಸಿ ಅರ್ಧ ಮಾಡಿದರೆ ಮೂರೂವರೆ ಗಂಟೆ, ಅಂದರೆ ಗಂಟೆಗೆ 700 ಕಿ.ಮೀ. ಕಳೆದು ಅರ್ಧ ಮಾಡಿದರೆ ಒಂದೂವರೆ. ಅದು ಎರಡು ದೇಶಗಳ ಗಡಿಯಾರದ ಅಂತರ! ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅವರದು 60 ಡಿಗ್ರಿಯದು. ನಡುವಿನ 22.5 ಡಿಗ್ರಿಗೆ, ಗಂಟೆಗೆ 15ರಂತೆ, ಸರಿಯಾಗಿ ಒಂದೂವರೆ ಗಂಟೆ. ಗಣಿತ, ಭೂಗೋಳ ಎರಡೂ ಒಂದೇ ಪಾಠದಲ್ಲಿ ಮುಗಿಯಿತಲ್ಲ?

ಮೇಲೆ ಹೋದ ವಿಮಾನ 800 ಕಿ.ಮೀ. ದಾಟಿ ಹಾರುತ್ತದೆ, ನೆಲದಲ್ಲಿ ಸಾಗುವುದು, ಏರುವುದು, ಇಳಿಯುವುದು ಸೇರಿ ಸರಾಸರಿ ಇಳಿಯುತ್ತದೆ. ಚಳಿಗಾಲದ ಪಶ್ಚಿಮದ ಮೇಲ್ಗಾಳಿ ಬರುವಾಗ ಬೆನ್ನು ತಳ್ಳುವುದರಿಂದ, ನಿಜದಲ್ಲಿ ಎರಡು ಪ್ರಯಾಣಗಳೂ ಸಮವಲ್ಲ. ಅದು ದೊಡ್ಡ ತರಗತಿಯವರಿಗೆ ಇರಲಿ.

ಒಂದು ಎಚ್ಚರಿಕೆ ಬೇಕು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ದುರಂತವಾಗಿ 158 ಮಂದಿ ತೀರಿಹೋದರು. ನಮ್ಮ ಜಿಲ್ಲೆಯವರೂ ಅವರಲ್ಲಿ ಅನೇಕರು. ಅಂತಹ ಮನೆಯ ಮಕ್ಕಳಿರುವಲ್ಲಿ ಬೇರೆ ಊರುಗಳನ್ನು ಆರಿಸಿಕೊಳ್ಳಿ. 2018ರಿಂದ ಕಣ್ಣೂರಿನಲ್ಲೂ ನಿಲ್ದಾಣವಿದೆ.

ಮೂರೂವರೆ ಗಂಟೆಗೆ ದುಬೈ. ನಮ್ಮ ರಾಜಧಾನಿ ತಿರುವನಂತಪುರಕ್ಕೋ, ಕಾಸರಗೋಡಿನಿಂದ ವಂದೇ ಭಾರತ್ ರೈಲಿನಲ್ಲೂ ಎಂಟು ಗಂಟೆ! ಪಠ್ಯಪುಸ್ತಕ ಸಿದ್ಧವಾಗುವುದು ಆ ಎಂಟು ಗಂಟೆಯಾಚೆ. ಅನುವಾದವಾಗಿ ನಮ್ಮ ಕೈಸೇರುವ ಪುಸ್ತಕದಲ್ಲಿ ಬಜ್ಪೆಯ ವಿಮಾನ ಬಂದೀತೆಂದು ಕಾಯುತ್ತ ಕೂರುವುದು ಬೇಡ. ಇಂತಹ ಲೆಕ್ಕಗಳನ್ನು ನಾವೇ ಕಟ್ಟಬೇಕು.

ಮನೆಯಲ್ಲಿ ತುಳುವೋ ಬ್ಯಾರಿಯೋ ಮಲಯಾಳವೋ ಆಡುವ ಮಗು ಕನ್ನಡದಲ್ಲಿ ಇದನ್ನು ಬಿಡಿಸಬಲ್ಲದು. ಮುಂದಿನ ರಕ್ಷಕರ ಸಭೆಯಲ್ಲಿ ಆ ಮಗುವಿನ ಕೈಗೇ ಸೀಮೆಸುಣ್ಣ ಕೊಡೋಣ. ಹಳೆಯ ಟಿಕೆಟು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ.